ಸಂಪಾದಕರ ಉತ್ತರ: ಕಣ್ಣು ನೋಡಿ ಸಹಿ ಹಾಕಲಿ

ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ನಡೆಸುವ ಓದುಗರೊಬ್ಬರು ಹೆಸರು ಪ್ರಕಟಿಸಬಾರದೆಂಬ ಷರತ್ತಿನೊಡನೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ಐವತ್ತು ತುಂಬಿದ ದಿನಕ್ಕೇ ಅವರ ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದಿತ್ತು. ಎಂಟು ತಿಂಗಳ ಮೇಲೆ ಮಗ ನೋಡಿ ಹೇಳಿದಾಗಲೇ ಅದು ಅವರ ಗಮನಕ್ಕೆ ಬಂದದ್ದು. ನವೀಕರಣಕ್ಕೆಂದು ರಾಯಚೂರಿಗೆ ಹೋದರೆ, ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರ ತರಬೇಕು ಎಂದರು. ಹೊರಗಿನ ಜೆರಾಕ್ಸ್ ಅಂಗಡಿಯ ಬಳಿ ನಿಂತಿದ್ದವನೊಬ್ಬ ಮುನ್ನೂರು ರೂಪಾಯಿ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಸಹಿ, ಸೀಲು ಬಿದ್ದ ಕಾಗದ ತಂದುಕೊಟ್ಟ. ವೈದ್ಯರ ಮುಖವನ್ನು ಇವರು ಕಾಣಲಿಲ್ಲ, ಇವರ ಮುಖವನ್ನು ವೈದ್ಯರೂ ಕಾಣಲಿಲ್ಲ. “ಯಾರೂ ನೋಡದ ಕಣ್ಣಿಗೆ ಸರ್ಟಿಫಿಕೇಟ್ ಏಕೆ ಬೇಕು? ಮೂವತ್ತು ವರ್ಷ ಗಾಡಿ ಓಡಿಸಿದ್ದೇನೆ, ಒಂದು ಅಪಘಾತ ಇಲ್ಲ. ಈ ನಿಯಮವನ್ನೇ ತೆಗೆದುಹಾಕಬೇಕೆಂದು ನಿಮ್ಮ ಪತ್ರಿಕೆ ಬರೆಯಬಾರದೇಕೆ?” ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಪಟ್ಟ ಪಾಡು ಸುಳ್ಳಲ್ಲ. ಸಿಂಧನೂರಿನಿಂದ ರಾಯಚೂರಿಗೆ ಎಂಬತ್ತು ಕಿಲೋಮೀಟರಿಗೂ ಮೇಲೆ, ಅದೂ ಬಿತ್ತನೆಯ ದಿನಗಳಲ್ಲಿ ಅಂಗಡಿಗೆ ಬೀಗ ಹಾಕಿ ಹೋಗಿ ಬರುವುದೆಂದರೆ ಒಂದು ದಿನದ ವ್ಯಾಪಾರ ಕೈಬಿಟ್ಟಂತೆಯೇ. ಪರೀಕ್ಷೆಯ ಅಗತ್ಯವಿಲ್ಲದ ನವೀಕರಣವನ್ನು ಆಧಾರ್ ದೃಢೀಕರಣದ ಮೂಲಕ ಮನೆಯಿಂದಲೇ ಮಾಡಿಕೊಳ್ಳಬಹುದಾದ ಸೇವೆಗಳ ಪಟ್ಟಿಗೆ ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲೇ ಸೇರಿಸಿದೆ. ಆದರೂ ನಿಮ್ಮಂಥವರು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ನಿಂತು ಯಾರನ್ನಾದರೂ ಕೇಳಬೇಕಾದ ಸ್ಥಿತಿ ಇರುವುದು ತಪ್ಪು. ಅಷ್ಟನ್ನು ಒಪ್ಪುತ್ತೇನೆ.

ಆದರೆ ನೀವು ಕೇಳುತ್ತಿರುವ ಪರಿಹಾರ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಸಹಿ ಸುಳ್ಳಾದರೆ ಸಹಿಯನ್ನು ನಿಜ ಮಾಡಿಸಬೇಕೇ ಹೊರತು, ಅದು ಯಾವುದರ ಬಗ್ಗೆ ಇದೆಯೋ ಆ ಕಣ್ಣನ್ನೇ ಮರೆತುಬಿಡುವುದಲ್ಲ. ಈ ವಿಷಯದಲ್ಲಿ ನಾನು ತಟಸ್ಥನಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮನ್ನೊಂದು ಮಾತು ಕೇಳುತ್ತೇನೆ. ಆ ಕಾಗದವನ್ನು ನೀವು ಓದಿದಿರಾ? ನಮೂನೆ 1-ಎ ಎಂಬ ಆ ಹಾಳೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ್ದು. ಅದರಲ್ಲಿರುವ ಪ್ರಶ್ನೆಗಳು ಬೆರಳೆಣಿಕೆಯಷ್ಟೇ, ಆದರೆ ಒಂದೂ ವ್ಯರ್ಥವಲ್ಲ. ಅರ್ಜಿದಾರರಿಗೆ ದೃಷ್ಟಿದೋಷವಿದೆಯೇ, ಇದ್ದರೆ ಕನ್ನಡಕದಿಂದ ಸರಿಹೋಗಿದೆಯೇ? ತೀವ್ರವಾದ ಅಥವಾ ಪೂರ್ಣ ಬಣ್ಣಗುರುಡು ಇದೆಯೇ? ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲರೇ? ಹಾರ್ನ್ ಕೇಳಿಸದಷ್ಟು ಕಿವುಡುತನವಿದೆಯೇ? ಇರುಳುಗುರುಡು ಇದೆಯೇ? ಇವೆಲ್ಲ ಮುಗಿದ ಮೇಲೆ ವೈದ್ಯರು ಸಹಿ ಹಾಕುವುದು ಯಾವ ಮಾತಿಗೆ ಗೊತ್ತೇ? ಈ ವ್ಯಕ್ತಿಯನ್ನು ನಾನೇ ಖುದ್ದಾಗಿ ಪರೀಕ್ಷಿಸಿದ್ದೇನೆ, ದೂರದೃಷ್ಟಿ, ಕಿವಿ, ಕೈಕಾಲು, ಕೀಲುಗಳ ಕಡೆಗೆ ವಿಶೇಷ ಗಮನ ಕೊಟ್ಟು ನೋಡಿದ್ದೇನೆ ಎಂಬ ಮಾತಿಗೆ. ಜೆರಾಕ್ಸ್ ಅಂಗಡಿಯಲ್ಲಿ ನಿಮ್ಮ ಕೈಗೆ ಬಂದ ಕಾಗದದಲ್ಲಿ ಅಷ್ಟೂ ಬರೆದಿದೆ. ನಿಮ್ಮ ಮುಖ ನೋಡದ ವೈದ್ಯರು ನಿಮ್ಮ ಕೀಲುಗಳನ್ನೂ ನೋಡಿದ್ದಾಗಿ ಬರೆದುಕೊಟ್ಟಿದ್ದಾರೆ.

ನಲವತ್ತು ಎಂಬ ಗಡಿಯೂ ಯಾರೋ ಮನಸ್ಸಿಗೆ ತೋಚಿದಂತೆ ಇಟ್ಟದ್ದಲ್ಲ. ನಮ್ಮ ಹಿರಿಯರು ಓದುವ ಕನ್ನಡಕಕ್ಕೆ ಚಾಳೀಸು ಎಂದದ್ದೇ ಅದು ನಲವತ್ತಕ್ಕೆ ಮೂಗಿನ ಮೇಲೆ ಬಂದು ಕೂರುತ್ತದೆಂದು. ನಲವತ್ತಕ್ಕೆ ಕಣ್ಣು ಬದಲಾಗುತ್ತದೆಂಬುದನ್ನು ಭಾಷೆಯೇ ನೆನಪಿಟ್ಟುಕೊಂಡಿದೆ. ಆದರೆ ಚಾಳೀಸು ಹತ್ತಿರದ ಅಕ್ಷರಕ್ಕೆ, ನಮೂನೆ ಕೇಳುವುದು ದೂರದ ನೋಟವನ್ನು. ಇವೆರಡೂ ಬೇರೆ ಬೇರೆ. ಇದನ್ನು ತಿಳಿಯದ್ದರಿಂದ ನಮ್ಮ ಮನೆಯಲ್ಲೇ ಒಂದು ಅನರ್ಥ ನಡೆದುಹೋಯಿತು.

ನಮ್ಮ ಸೋದರಮಾವ ಲಾರಿ ಚಾಲಕರಾಗಿದ್ದರು. ಗಣಿಯ ಅಬ್ಬರದ ಆ ವರ್ಷಗಳಲ್ಲಿ ಸಂಡೂರಿನಿಂದ ಅದಿರು ತುಂಬಿಕೊಂಡು ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿಯ ಮೇಲೆ ಬೇಲೆಕೇರಿ ಬಂದರಿಗೆ ಹೋಗಿ ಬರುತ್ತಿದ್ದರು. ರೆಪ್ಪೆಯ ಮೇಲೆಲ್ಲ ಕೆಂಪು ಧೂಳು. ಮನೆಗೆ ಬಂದಾಗ ಅತ್ತೆ ಒದ್ದೆ ಬಟ್ಟೆಯಿಂದ ಅವರ ಮುಖ ಒರೆಸಿದರೆ ಬಟ್ಟೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಐವತ್ತನಾಲ್ಕರಲ್ಲಿ ಅವರಿಗೊಂದು ಸಂತೋಷದ ಸುದ್ದಿ ಸಿಕ್ಕಿತು. ಹತ್ತು ವರ್ಷದಿಂದ ಹಾಕುತ್ತಿದ್ದ ಚಾಳೀಸು ಇಲ್ಲದೆಯೇ ಪತ್ರಿಕೆ ಓದಲು ಬರತೊಡಗಿತು! ಕಟ್ಟೆಯ ಮೇಲೆ ಕುಳಿತು ನಮಗೆಲ್ಲ ಗಟ್ಟಿಯಾಗಿ ಓದಿ ತೋರಿಸಿದರು. “ನೋಡೋ ತಮ್ಮಾ, ಕಣ್ಣು ತಿರುಗಿ ಹರೇದವರಂಗ ಆಗ್ಯಾವ” ಎಂದರು. ನಾವೂ ನಂಬಿದೆವು. ಪೊರೆ ಕಣ್ಣಿನ ಮಸೂರದ ನಡುವೆ ಗಟ್ಟಿಯಾಗುತ್ತ ಹೋದಾಗ ಹತ್ತಿರದ ಅಕ್ಷರ ಕೆಲಕಾಲ ಕನ್ನಡಕವಿಲ್ಲದೆಯೇ ತಿಳಿಯಾಗಿ ಕಾಣುತ್ತದೆ, ಅದೇ ಹೊತ್ತಿನಲ್ಲಿ ದೂರದ ನೋಟ ಕುಸಿಯುತ್ತಿರುತ್ತದೆ ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಎದುರಿನ ಗಾಡಿಯ ಲೈಟು ರಾತ್ರಿ ಹೂವು ಬಿಟ್ಟ ಹಾಗೆ ಒಡೆದು ಕಾಣುತ್ತದೆ ಎಂದೂ ಅವರು ಹೇಳುತ್ತಿದ್ದರು. ನಿದ್ದೆಗೆಟ್ಟದ್ದಕ್ಕೆ ಹಾಗಾಗಿದೆ ಎಂದು ಸುಮ್ಮನಾದೆವು.

2009ರ ಭತ್ತದ ಸುಗ್ಗಿಯ ಒಂದು ರಾತ್ರಿ, ಮುನಿರಾಬಾದ್ ದಾಟಿದ ಮೇಲೆ, ರಸ್ತೆಯಂಚಿನಲ್ಲಿ ಕೆಟ್ಟು ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಅವರ ಲಾರಿ ಹಿಂದಿನಿಂದ ಗುದ್ದಿತು. ಟ್ರೇಲರಿಗೆ ಹಿಂಬದಿಯ ದೀಪವಿರಲಿಲ್ಲ, ಅದು ಟ್ರ್ಯಾಕ್ಟರಿನವನ ತಪ್ಪು. ಆದರೆ ಮುಂದೆ ಹೋಗಿದ್ದ ಗಾಡಿಗಳೆಲ್ಲ ಅದನ್ನು ಕಂಡು ಬಳಸಿಕೊಂಡು ಹೋಗಿದ್ದವು. ಕ್ಲೀನರ್ ಹುಡುಗನಿಗೆ ಹತ್ತೊಂಬತ್ತು ವರ್ಷ. ಅವನ ಬಲಗಾಲನ್ನು ಮೊಣಕಾಲಿನವರೆಗೆ ತೆಗೆಯಬೇಕಾಯಿತು. ಮಾವನ ಹಣೆಯ ಗಾಯಕ್ಕೆ ಹೊಲಿಗೆ ಹಾಕಿದ ಯುವ ವೈದ್ಯೆ ಟಾರ್ಚು ಬಿಟ್ಟು ಕಣ್ಣು ನೋಡಿ, “ಎರಡೂ ಕಣ್ಣಿಗೆ ಪೊರೆ ಬಂದಿದೆಯಲ್ಲ, ಗಾಡಿ ಹೇಗೆ ಓಡಿಸುತ್ತಿದ್ದಿರಿ?” ಎಂದು ಕೇಳಿದರು. ಅಪಘಾತಕ್ಕೆ ಹದಿನಾಲ್ಕು ತಿಂಗಳ ಮುಂಚೆಯಷ್ಟೇ ಅವರ ಲೈಸೆನ್ಸ್ ನವೀಕರಣವಾಗಿತ್ತು. ಆಗ ಸಾರಿಗೆ ವಾಹನದ ಲೈಸೆನ್ಸಿಗೆ ಮೂರು ವರ್ಷದ ಅವಧಿ. ಪ್ರಮಾಣಪತ್ರವನ್ನು ಏಜೆಂಟನೇ ತರಿಸಿದ್ದ. ದೂರದೃಷ್ಟಿ ಸರಿಯಿದೆ ಎಂದು ಅದರಲ್ಲಿ ಬರೆದಿತ್ತು. ಆ ಸಹಿ ಹಾಕಿದವರು ಟಾರ್ಚು ಬಿಟ್ಟು ಒಂದು ನಿಮಿಷ ನೋಡಿದ್ದರೆ, ಮಾವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎರಡು ತಿಂಗಳಲ್ಲಿ ಮತ್ತೆ ಸ್ಟೇರಿಂಗ್ ಹಿಡಿಯುತ್ತಿದ್ದರು, ಆ ಹುಡುಗ ಇಂದಿಗೂ ಎರಡು ಕಾಲಿನ ಮೇಲೆ ನಡೆಯುತ್ತಿದ್ದ. ನಾನು ತಟಸ್ಥನಲ್ಲ ಎಂದದ್ದು ಇದಕ್ಕೇ.

25 ಮೀಟರ್ ಎಂದರೆ ಬಹಳವಾಯಿತೆಂದು ನಿಮಗೆ ಅನ್ನಿಸಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಅಷ್ಟು ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ಕ್ರಮಿಸುತ್ತದೆ. ನಿಮ್ಮ ಊರನ್ನೇ ಹಾದುಹೋಗುವ 150-ಎ ಹೆದ್ದಾರಿಯಲ್ಲಿ ಸಿರುಗುಪ್ಪದ ಕಡೆಗೆ ಸುಗ್ಗಿಯ ಸಂಜೆ ಹೋಗಿ ನೋಡಿ. ಭತ್ತದ ಚೀಲ ಹೇರಿದ ಟ್ರೇಲರುಗಳು, ಹುಲ್ಲಿನ ಹೊರೆಯಡಿ ಅಗಲವೇ ತಿಳಿಯದ ಬಂಡಿಗಳು, ಅರ್ಧ ರಸ್ತೆ ಆಕ್ರಮಿಸುವ ಕಟಾವು ಯಂತ್ರಗಳು, ಗದ್ದೆಯ ಕೆಲಸ ಮುಗಿಸಿ ಸಾಲಾಗಿ ನಡೆದು ಬರುವ ಹೆಣ್ಣುಮಕ್ಕಳು. ಆ ಹೆಣ್ಣುಮಕ್ಕಳಿಗೆ ಹಿಂಬದಿಯ ದೀಪವಿಲ್ಲ. ಹಿಂದಿನಿಂದ ಬರುವವನ ಕಣ್ಣೊಂದೇ ಅವರಿಗೆ ಇರುವ ರಕ್ಷಣೆ.

“ಮೂವತ್ತು ವರ್ಷದಲ್ಲಿ ಒಂದು ಅಪಘಾತ ಇಲ್ಲ” ಎಂದಿದ್ದೀರಿ. ಅದು ನಿಮ್ಮ ಎಚ್ಚರಕ್ಕೆ ಸಾಕ್ಷಿ, ಅದಕ್ಕಾಗಿ ನಿಮ್ಮನ್ನು ಗೌರವಿಸುತ್ತೇನೆ. ಆದರೆ ಅದು ಕಳೆದ ಮೂವತ್ತು ವರ್ಷದ ಕಣ್ಣಿನ ಮಾತು, ಲೈಸೆನ್ಸ್ ಕೊಡುವುದು ಮುಂದಿನ ವರ್ಷಗಳಿಗೆ. 2019ರ ತಿದ್ದುಪಡಿಯ ಪ್ರಕಾರ ಐವತ್ತರಿಂದ ಐವತ್ತೈದರೊಳಗೆ ನವೀಕರಿಸಿದರೆ ಲೈಸೆನ್ಸ್ ಅರವತ್ತು ತುಂಬುವವರೆಗೆ ನಡೆಯುತ್ತದೆ. ಐವತ್ತರಿಂದ ಅರವತ್ತರ ನಡುವಿನ ಈ ಹತ್ತು ವರ್ಷಗಳಲ್ಲಿ ಪೊರೆ ಬರುವುದು, ಸಕ್ಕರೆ ಕಾಯಿಲೆ ಕಣ್ಣಿನ ಪರದೆಯನ್ನು ತಿನ್ನುವುದು, ಗ್ಲಾಕೋಮಾ ಸದ್ದಿಲ್ಲದೆ ಅಂಚಿನ ನೋಟವನ್ನು ಕದಿಯುವುದು ಹಿಂದಿಗಿಂತ ಹೆಚ್ಚು. ಅಷ್ಟೂ ಕಾಲಕ್ಕೆ ಸರ್ಕಾರ ನಿಮ್ಮ ಕಣ್ಣಿನ ಬಗ್ಗೆ ಕೇಳುವುದು ಒಂದೇ ಸಲ. ಆ ಒಂದು ಸಲವನ್ನೂ ಬೇಡವೆನ್ನುತ್ತೀರಲ್ಲ!

1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡ ಎಂಬಲ್ಲಿ ಎರಡು ರೈಲುಗಳು ಮುಖಾಮುಖಿ ಢಿಕ್ಕಿ ಹೊಡೆದು ಒಂಬತ್ತು ಜನ ಸತ್ತರು. ಚಾಲಕನಿಗೆ ಬಣ್ಣ ತಿಳಿಯುತ್ತಿರಲಿಲ್ಲವೇನೋ ಎಂದು ಶಂಕಿಸಿದ ಹಾಲ್ಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞ ರೈಲ್ವೆ ನೌಕರರ ಮುಂದೆ ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ಹರಡಿ, ಒಂದೇ ಬಣ್ಣದವನ್ನು ಆರಿಸಿ ಎಂದ. ಯಂತ್ರವಿಲ್ಲ, ದುಡ್ಡಿಲ್ಲ, ಒಂದು ಹಿಡಿ ಉಣ್ಣೆ. ಬಣ್ಣ ಕಾಣದವರು ತಾವಾಗಿಯೇ ಸಿಕ್ಕಿಬಿದ್ದರು. ಹಾಗೆ ಸಿಕ್ಕಿಬಿದ್ದ ಅನೇಕರಿಗೆ ತಮಗೆ ಬಣ್ಣ ಕಾಣುವುದಿಲ್ಲವೆಂಬುದೇ ಅದುವರೆಗೆ ಗೊತ್ತಿರಲಿಲ್ಲ. ನಿಮ್ಮ ಪತ್ರದಲ್ಲಿ “ನನ್ನ ಕಣ್ಣು ನನಗೆ ಗೊತ್ತಿಲ್ಲವೇ, ಸ್ವಯಂ ಘೋಷಣೆ ಸಾಕು” ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದೀರಿ. ನಮ್ಮ ಮಾವನಿಗೂ ತಮ್ಮ ಕಣ್ಣು ತಮಗೆ ಗೊತ್ತು ಎಂಬ ನಂಬಿಕೆಯೇ ಇತ್ತು.

ಎರಡು ವಿಷಯಕ್ಕೆ ನಿಮ್ಮ ಮೇಲೆ ನನಗೆ ಸಿಟ್ಟೂ ಬಂದಿದೆ, ಹಿರಿಯನೆಂದು ಭಾವಿಸಿ ಕೇಳಿಸಿಕೊಳ್ಳಿ. ಎಂಟು ತಿಂಗಳು ಅವಧಿ ಮುಗಿದ ಲೈಸೆನ್ಸಿನಲ್ಲಿ ಗಾಡಿ ಓಡಿಸಿದ್ದೀರಿ. ಹಿಂದೆ ಇದ್ದ ಮೂವತ್ತು ದಿನಗಳ ರಿಯಾಯಿತಿಯೂ 2019ರಲ್ಲಿ ರದ್ದಾಗಿದೆ. ಅವಧಿ ಮುಗಿದ ಮರುದಿನವೇ ನೀವು ಲೈಸೆನ್ಸ್ ಇಲ್ಲದವರು. ಇನ್ನು ನಾಲ್ಕು ತಿಂಗಳು ಕಳೆದು ವರ್ಷ ದಾಟಿದ್ದರೆ ಮತ್ತೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೇ ನಿಲ್ಲಬೇಕಿತ್ತು. ಎರಡನೆಯದು ಆ ಮುನ್ನೂರು ರೂಪಾಯಿ. ನವೀಕರಣಕ್ಕೆ ಕೇಂದ್ರ ನಿಯಮದಲ್ಲಿರುವ ಮೂಲ ಶುಲ್ಕ 200 ರೂಪಾಯಿ, ನೀವು ಸುಳ್ಳಿಗೆ ಕೊಟ್ಟದ್ದು ಅದಕ್ಕಿಂತ ಹೆಚ್ಚು. ಅಂಗಡಿಯಲ್ಲಿ ಕಳಪೆ ಬೀಜ ಮಾರುವುದಿಲ್ಲವೆಂದು ಪತ್ರದಲ್ಲೇ ಹೆಮ್ಮೆಯಿಂದ ಬರೆದಿದ್ದೀರಿ. ಮೊಳಕೆ ಪರೀಕ್ಷೆ ಮಾಡದೆ ಚೀಲಕ್ಕೆ ಚೀಟಿ ಅಂಟಿಸಿದ ಕಂಪನಿಯನ್ನು ನೀವು ಕ್ಷಮಿಸುವಿರಾ? ರೈತ ಮುಳುಗುತ್ತಾನೆ ಎನ್ನುವಿರಿ. ಹಾಗಾದರೆ ಕಣ್ಣು ಪರೀಕ್ಷಿಸದೆ ಅಂಟಿಸಿದ ಚೀಟಿಯನ್ನು ಹೇಗೆ ಜೇಬಿಗಿಟ್ಟುಕೊಂಡಿರಿ?

ಈ ರೋಗ ಲೈಸೆನ್ಸಿಗೆ ಮಾತ್ರ ಅಂಟಿದ್ದಲ್ಲ. ನಿಮ್ಮ ವಯಸ್ಸನ್ನು ನಿರ್ಧರಿಸಿದ ಶಾಲಾ ದಾಖಲೆಯನ್ನೇ ನೋಡಿ. ನಮ್ಮ ಭಾಗದಲ್ಲಿ ನನ್ನ ಓರಗೆಯವರ ಪೈಕಿ ಜೂನ್ 1ಕ್ಕೆ ಹುಟ್ಟಿದವರು ತುಂಬ ಮಂದಿ, ಹೆಡ್ ಮಾಸ್ತರರು ಮಗುವಿನ ಎತ್ತರ ನೋಡಿ ಬರೆದ ತಾರೀಖು ಅದು. ನನ್ನದೂ ಅದೇ. ಹಿಂಗಾರಿ ಜೋಳ ಕೊಯ್ಯುವಾಗ ಹುಟ್ಟಿದ್ದೆಂದು ಅವ್ವ ಹೇಳುತ್ತಿದ್ದಳು. ಬೆಳೆಹಾನಿಯ ಪಂಚನಾಮೆ ಹೊಲಕ್ಕೆ ಕಾಲಿಡದೆ ಚಾವಡಿಯಲ್ಲೇ ಮುಗಿಯುವುದನ್ನು ಕಂಡಿದ್ದೇನೆ. ಹೊಗೆ ತಪಾಸಣೆಯ ಚೀಟಿ ಎಂಜಿನ್ ಚಾಲೂ ಮಾಡದೆಯೇ ಸಿಗುವುದನ್ನೂ ಕಂಡಿದ್ದೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಾಡಿನಲ್ಲಿ ಪ್ರತ್ಯಕ್ಷವೂ ಇಲ್ಲ, ಪ್ರಮಾಣಿಸುವುದೂ ಇಲ್ಲ, ಪ್ರಮಾಣಪತ್ರ ಮಾತ್ರ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ಹೋರಾಡಿದ ಜನ ನಾವು. ಬೆಂಗಳೂರಿನಿಂದ ಬರಬೇಕಾದ್ದರ ಬಗ್ಗೆ ಗಟ್ಟಿಯಾಗಿ ಮಾತಾಡುತ್ತೇವೆ, ಮಾತಾಡಲೇಬೇಕು. ಆದರೆ ಅಕ್ಷರಗಳ ಒಂದು ಪಟವನ್ನು ಗೋಡೆಗೆ ತೂಗುಹಾಕಿ, ಆರು ಮೀಟರ್ ದೂರಕ್ಕೆ ನೆಲದ ಮೇಲೆ ಗೆರೆ ಎಳೆದು, ಬಂದವರನ್ನು ಅಲ್ಲಿ ನಿಲ್ಲಿಸುವುದಕ್ಕೆ ಯಾವ ಅನುದಾನ ಬೇಕು?

ಆದ್ದರಿಂದ ನಿಯಮ ತೆಗೆಯಿರೆಂದು ನಾನು ಬರೆಯಲಾರೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವಾರದಲ್ಲಿ ಒಂದು ದಿನ ಲೈಸೆನ್ಸಿನವರಿಗೆಂದೇ ಕಣ್ಣಿನ ಪರೀಕ್ಷೆ ನಡೆಯಲಿ, ನಮೂನೆ 1-ಎ ಅಲ್ಲಿಯೇ ಸಿಗುವಂತಾಗಲಿ, ರಾಯಚೂರಿನವರೆಗೆ ಹೋಗುವ ಕಷ್ಟ ತಪ್ಪಲಿ ಎಂದು ಬರೆಯುತ್ತೇನೆ, ಬರೆಯುತ್ತಲೇ ಇರುತ್ತೇನೆ.

ಈ ನಡುವೆ ನೀವೊಂದು ಕೆಲಸ ಮಾಡಿ. ನಿಮ್ಮ ಅಂಗಡಿಯ ಮೆಟ್ಟಿಲಿನಿಂದ ಟೇಪು ಹಿಡಿದು 25 ಮೀಟರ್ ಅಳೆಯಿರಿ, ಮಗನಿಗೆ ಹೇಳಿ ಅಲ್ಲಿ ಪರಿಚಯವಿಲ್ಲದ ಒಂದು ಕಾರನ್ನು ನಿಲ್ಲಿಸಿಕೊಳ್ಳಿ, ನಿಮ್ಮದೇ ಗಾಡಿಯಾದರೆ ನಂಬರು ಬಾಯಿಪಾಠವಿರುತ್ತದೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಓದಿ, ಆಮೇಲೆ ಬಲಗಣ್ಣು ಮುಚ್ಚಿ ಓದಿ. ಕಣ್ಣು ಕಿರಿದು ಮಾಡಬೇಡಿ, ಊಹಿಸಬೇಡಿ. ಒಂದಕ್ಷರ ಮಸುಕಾದರೂ ಮರುದಿನವೇ ಕಣ್ಣಿನ ವೈದ್ಯರ ಮುಂದೆ ಕುಳಿತುಕೊಳ್ಳಿ. ಎರಡೂ ಕಣ್ಣಿಗೆ ಏನು ಕಂಡಿತೆಂದು ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.