ಆರ್ ಒಳಗಿಂದ ಕರೆದರೆ ಸೈಕಿಟ್-ಲರ್ನ್ ಸಿಗುತ್ತಿಲ್ಲ ಎಂಬ ಪ್ರಶ್ನೆಗೆ

ನಿಮ್ಮ ಆರ್ (ಅಂಕಿಅಂಶಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಕಂಪ್ಯೂಟರ್‌ನಲ್ಲಿರುವ ಬೇರೆ ಯಾವುದೋ ಪೈಥಾನ್ ಹಿಡಿದುಕೊಂಡಿದೆ, ಬಹುಶಃ ಅಷ್ಟೇ. ಕಲಬುರಗಿ ಎಪಿಎಂಸಿಯ ತೊಗರಿ ದರ ಅಂದಾಜು ಮಾಡಲು ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಸೈಕಿಟ್-ಲರ್ನ್ ಎಂಬ ಪೈಥಾನ್‌ನ ಮಷಿನ್ ಲರ್ನಿಂಗ್ ಲೈಬ್ರರಿ ಹಾಕಿದ್ದೀರಿ, ಟರ್ಮಿನಲ್‌ನಲ್ಲಿ ಓಡುತ್ತದೆ, ಆರ್‌ನಿಂದ ಪೈಥಾನ್ ಕರೆಯುವ ರೆಟಿಕ್ಯುಲೇಟ್ ಪ್ಯಾಕೇಜ್ ಮೂಲಕ ಕರೆದರೆ ಮಾತ್ರ 'ಮಾಡ್ಯೂಲ್ ಇಲ್ಲ' ಅನ್ನುತ್ತದೆ ಅಂದಿರಲ್ವಾ, ಬೀದರ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲೂ ಹೀಗೇ ಆಗಿತ್ತು.

ಮೊದಲು ಆರ್‌ನಲ್ಲಿ ಪೈ_ಕಾನ್ಫಿಗ್() ಹೊಡೆದು ಅದು ತೋರಿಸುವ ಪೈಥಾನ್‌ನ ಪಾತ್ (ಅದು ಇರುವ ಜಾಗ) ಬರೆದುಕೊಳ್ಳಿ. ಆಮೇಲೆ ಟರ್ಮಿನಲ್‌ನ ಪೈಥಾನ್ ತೆರೆದು, ಇಂಪೋರ್ಟ್ ಸಿಸ್ ಮಾಡಿ, ಸಿಸ್.ಎಕ್ಸಿಕ್ಯೂಟಬಲ್ ನೋಡಿ. ಎರಡೂ ಬೇರೆ ಇದ್ದರೆ ಕಾರಣ ಸಿಕ್ಕಿತು. ಒಂದೇ ಇದ್ದರೆ ನನ್ನ ಊಹೆ ತಪ್ಪು, ಪೂರ್ತಿ ಎರರ್ ಇಲ್ಲಿ ಹಾಕಿ.

ಈಗ ಆರ್ ಸೆಷನ್ ರೀಸ್ಟಾರ್ಟ್ ಮಾಡಲೇಬೇಕು. ಇಲ್ಲೇ ಎಡವುವುದು ಸುಲಭ: ಒಂದು ಸಲ ಪೈಥಾನ್ ಲೋಡ್ ಆದರೆ ಆ ಸೆಷನ್‌ನಲ್ಲಿ ಅದನ್ನು ಬದಲಿಸಲು ಆಗುವುದಿಲ್ಲ, ಪೈ_ಕಾನ್ಫಿಗ್() ಕೂಡ ಅದನ್ನು ಲೋಡ್ ಮಾಡಿಬಿಡುತ್ತದೆ, ಹಾಗಾಗಿ ಅದಾದ ಮೇಲೆ ನೀವು ಯಾವ ಪಾತ್ ಕೊಟ್ಟರೂ ಸುಮ್ನೆ. ಹೊಸ ಸೆಷನ್‌ನಲ್ಲಿ ಯಾವ ಇಂಪೋರ್ಟ್‌ಗೂ ಮೊದಲು ಯೂಸ್_ಪೈಥಾನ್() ಒಳಗೆ ಟರ್ಮಿನಲ್‌ನಲ್ಲಿ ಕಂಡ ಪಾತ್ ಕೊಡಿ. ಆಮೇಲೆ ಇಂಪೋರ್ಟ್ ಮಾಡಿ.

ಆದರೂ ಹಳೆಯದೇ ಬಂದರೆ .ಆರ್‌ಎನ್ವಿರಾನ್ ಫೈಲ್ (ಆರ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ತೆರೆಯಿರಿ. ಅಲ್ಲಿ ರೆಟಿಕ್ಯುಲೇಟ್_ಪೈಥಾನ್ ಎಂಬ ಸಾಲು ಇದ್ದರೆ ಯೂಸ್_ಪೈಥಾನ್() ಮಾತು ನಡೆಯುವುದಿಲ್ಲ. ಆ ಸಾಲಿನಲ್ಲೇ ಪಾತ್ ತಿದ್ದಿ, ಮತ್ತೆ ರೀಸ್ಟಾರ್ಟ್ ಮಾಡಿ.

ಮುಂದೆ ರ‍್ಯಾಂಡಮ್ ಫಾರೆಸ್ಟ್‌ಗೆ (ಹಲವು ನಿರ್ಣಯ-ಮರಗಳನ್ನು ಸೇರಿಸಿ ಅಂದಾಜು ಮಾಡುವ ವಿಧಾನ) ಮರಗಳ ಸಂಖ್ಯೆ ಕೊಡುವಾಗ ಬರೀ 100 ಬರೆಯಬೇಡಿ. ಆರ್ ಅದನ್ನು 100.0 ಎಂದು ದಾಟಿಸುತ್ತದೆ, ಆ ಕಡೆ ಪೂರ್ಣಾಂಕವೇ ಬೇಕು. 100ಎಲ್ ಅಂತ ಬರೆಯಿರಿ, ಆ ಎಲ್ ಇದು ಪೂರ್ಣಾಂಕ ಎಂದು ಆರ್‌ಗೆ ಹೇಳುತ್ತದೆ.