ನೆಂಟರು ಬರ್ತಾರೆ ಅಂದ್ರೆ ನನಗೆ ನಿದ್ದೆ ಬರಲ್ಲ

ಪ್ರಶ್ನೆ: ನನಗೆ 34 ವರ್ಷ. ಹುಟ್ಟಿ ಬೆಳೆದದ್ದು ಮೈಸೂರು, ಈಗ ಬೆಂಗಳೂರಿನಲ್ಲಿ ಎರಡು ರೂಮಿನ ಮನೆ. ಗಂಡನ ಊರು ಗದಗದ ಹತ್ತಿರ. ದೀಪಾವಳಿಗೆ ಅತ್ತೆ, ಮಾವ, ನಾದಿನಿ, ಅವಳ ಇಬ್ಬರು ಮಕ್ಕಳು ಬಂದು ಎಂಟು ದಿನ ಇರುತ್ತಾರೆ. ಎಲ್ಲರೂ ಒಳ್ಳೆಯವರೇ, ನನ್ನನ್ನು ಒಂದು ಮಾತು ಅಂದವರಲ್ಲ. ಆದರೂ ಟಿಕೆಟ್ ಮಾಡಿಸಿದ್ದು ಗೊತ್ತಾದ ದಿನದಿಂದ ನನಗೆ ಶುರು. ರಾತ್ರಿ ಮೂರಕ್ಕೆ ಎಚ್ಚರ. ನೀರು ಸಾಲದಿದ್ದರೆ, ಸಿಲಿಂಡರ್ ಮಧ್ಯದಲ್ಲಿ ಮುಗಿದರೆ, ಮಾವನ ಶುಗರ್ ಏರಿದರೆ, ಅತ್ತೆ ಬಚ್ಚಲಲ್ಲಿ ಜಾರಿದರೆ, ನನಗೆ ರೊಟ್ಟಿ ಬರಲ್ಲ ಅಂತ ಬೇಜಾರು ಮಾಡಿಕೊಂಡರೆ... ಅವರು ಬಂದ ಮೇಲೂ ಒಂದು ಕಡೆ ಕೂರಲ್ಲ. ಹೊರಟ ಮೇಲೆ, ಅಯ್ಯೋ ನೆಟ್ಟಗೆ ಮಾತೇ ಆಡಲಿಲ್ಲವಲ್ಲ ಅಂತ ಅಳು ಬರುತ್ತದೆ. ಗಂಡ ‘ಸುಮ್ನೆ ಟೆನ್ಶನ್ ಮಾಡ್ಕೋಬೇಡ’ ಅಂತಾರೆ. ನನ್ನ ಸ್ವಭಾವವೇ ಇಷ್ಟಾ?
(ಹೆಸರು ಬೇಡ, ಬೆಂಗಳೂರು)

ಉತ್ತರ: ಮೊದಲು ನನ್ನ ಕಥೆ ಕೇಳಿ. ಕೆಲವು ವರ್ಷದ ಹಿಂದೆ, ಡಿಸೆಂಬರ್ ಚಳಿಯಲ್ಲಿ, ಚಿಕ್ಕಪ್ಪ ನಮ್ಮ ಮನೆಗೆ ಬಂದಿದ್ದರು. ನನಗೋ ಗೀಸರ್ ಭಯ. ಜಾಸ್ತಿ ಹೊತ್ತು ಉರಿದು ಸಿಡಿದುಬಿಟ್ಟರೆ ಅಂತ ಗಳಿಗೆಗೊಮ್ಮೆ ಹೋಗಿ ನೋಡುವುದು, ಸ್ವಿಚ್ ಆಫ್ ಮಾಡಿ ಬರುವುದು. ಮೂರನೇ ದಿನ ಅವರು ಬಾಲ್ಕನಿಯಲ್ಲಿ ನಿಂತು ಚಿಕ್ಕಮ್ಮನಿಗೆ ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ‘ಇಲ್ಲಿ ತಣ್ಣೀರು ಸ್ನಾನ ಕಣೇ, ಗೀಸರ್ ಕೆಟ್ಟಿರ್ಬೇಕು, ಕೇಳಿದ್ರೆ ಪಾಪ ಬೇಜಾರ್ ಮಾಡ್ಕೋತಾಳೆ.’ ಅವರಿಗೆ ಏನೂ ಆಗಬಾರದು ಅಂತ ಒದ್ದಾಡಿ ಒದ್ದಾಡಿ, ಎಪ್ಪತ್ತರ ಮನುಷ್ಯನಿಗೆ ಮೂರು ದಿನ ತಣ್ಣೀರು ಎರೆದಿದ್ದೆ. ಹಾಗಾಗಿ ಚಿಂತೆ ಬಿಡಿ ಅಂತ ನಾನು ನಿಮಗೆ ಹೇಳಲ್ಲ. ಹೇಳಿದರೆ ಬಿಡುವ ವಸ್ತು ಅಲ್ಲ ಅದು.

ನಿಮ್ಮ ಪಟ್ಟಿಯಲ್ಲಿ ಅರ್ಧ ಚಿಂತೆಯೇ ಅಲ್ಲ, ಮಾಡದೆ ಉಳಿದಿರುವ ಕೆಲಸ. ಎರಡು ರೂಮಿನ ಮನೆಗೆ ಐದು ಜನ ಬಂದರೆ ನೀರು ಸಾಲುವುದಿಲ್ಲ, ಅದರಲ್ಲೂ ಕಾವೇರಿ ದಿನ ಬಿಟ್ಟು ದಿನ ಬರುವ ಏರಿಯಾ ಆದರೆ ಖಂಡಿತ ಸಾಲುವುದಿಲ್ಲ. ಸಂಪ್ ಎಷ್ಟು ಹಿಡಿಯುತ್ತದೆ ನೋಡಿ, ಟ್ಯಾಂಕರ್‌ನವರಿಗೆ ಮೊದಲೇ ಹೇಳಿಡಿ. ಹಬ್ಬದ ದಿನ ಫೋನ್ ಮಾಡಿದರೆ ಅವರೂ ಎತ್ತಲ್ಲ. ಸಿಲಿಂಡರ್ ಈಗಲೇ ಬುಕ್ ಮಾಡಿ. ಬಚ್ಚಲಿಗೆ ಜಾರದ ಮ್ಯಾಟ್, ಕೂತು ಸ್ನಾನ ಮಾಡಲು ಒಂದು ಪ್ಲಾಸ್ಟಿಕ್ ಸ್ಟೂಲ್, ರಾತ್ರಿ ಉರಿಯಲು ಸಣ್ಣ ಬಲ್ಬ್. ಈ ಪಟ್ಟಿ ಪೂರ್ತಿ ನಿಮ್ಮ ಯಜಮಾನರ ಕೈಗೆ ಕೊಡಿ. ಟೆನ್ಶನ್ ಬೇಡ ಅನ್ನುವವರೇ ಮಾಡಲಿ, ಅವರ ಅಪ್ಪ ಅಮ್ಮ ತಾನೇ ಬರುತ್ತಿರುವುದು?

ಮಾವನ ವಿಷಯಕ್ಕೆ ಮಾತ್ರ ಒಂದು ಮಾತು. ನೀವು ಸಿಹಿಯ ಬಗ್ಗೆಯೇ ಯೋಚಿಸುತ್ತಿರುತ್ತೀರಿ. ಆದರೆ ಶುಗರ್‌ಗೆ ಕೆಲವು ಬಗೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಊಟ ತಡವಾದರೂ ಕಷ್ಟ, ಶುಗರ್ ಇಳಿದುಬಿಡುತ್ತದೆ. ಹಬ್ಬದ ದಿನ ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಎರಡೂವರೆ ಆಗುತ್ತದಲ್ಲ, ಆಗ ಅವರನ್ನು ಕಾಯಿಸಬೇಡಿ. ಎಷ್ಟು ಗಂಟೆಗೆ ಏನು ಬೇಕು ಅಂತ ಅವರನ್ನೇ ಕೇಳಿ. ಇಷ್ಟು ವರ್ಷ ನೋಡಿಕೊಂಡಿದ್ದಾರೆ, ಅವರಿಗೆ ಗೊತ್ತಿರುತ್ತದೆ.

ಇನ್ನು ರೊಟ್ಟಿ. ನಿಜವಾದ ನೋವು ಇಲ್ಲೇ ಇದೆ ಅಂತ ನನ್ನ ಅನುಮಾನ. ಮೈಸೂರಿನವರಿಗೆ ಗದಗದ ಮಾತು ಮೊದಮೊದಲು ಗದರಿದ ಹಾಗೆ ಕೇಳುತ್ತದೆ. ‘ಏನ್ ಮಾಡಾಕತ್ತೀಯವಾ, ಒಂದ್ ಗಳಿಗಿ ಕುಂದರ್ ಬಾ’ ಅಂದರೆ ನಿಮ್ಮ ಕಿವಿಗೆ ‘ಇನ್ನೂ ಕೆಲಸ ಮುಗಿದಿಲ್ವಾ’ ಅಂತ ಬೀಳುತ್ತಿರಬಹುದು. ಅಲ್ಲಿ ಅದು ಬರೀ ಅಕ್ಕರೆ. ‘ಸಾರು ಸಪ್ಪಗ ಆಗೇತಿ’ ಅಂದರೂ ಅಷ್ಟೇ, ಸಾರು ಸಪ್ಪಗಾಗಿದೆ ಅಂತ ಅರ್ಥ, ಸೊಸೆ ಸರಿಯಿಲ್ಲ ಅಂತ ಅಲ್ಲ. ನಮ್ಮ ಕಡೆ ನಾವು ಚೆನ್ನಾಗಿದೆ ಅನ್ನುತ್ತಲೇ ಉಪ್ಪಿನ ಡಬ್ಬಿ ಹುಡುಕುತ್ತೀವಿ ನೋಡಿ, ಅದಕ್ಕೆ ಈ ಗೊಂದಲ.

ಮತ್ತೆ, ಗದಗದಿಂದ ಬರುವವರ ಚೀಲದಲ್ಲಿ ಒಂದು ಕಟ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದೇ ಇರುತ್ತದೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ನೀವು ಹೊಸ ಜೋಳದ ಹಿಟ್ಟು ಎರಡು ಕಿಲೋ ತಂದಿಡಿ, ಹಳೇ ಹಿಟ್ಟಾದರೆ ರೊಟ್ಟಿ ಹರಿಯುತ್ತದೆ. ಬಂದ ಮಾರನೇ ದಿನ ಅತ್ತೆಗೆ ‘ನನಗೆ ಬಡಿಯೋದು ಕಲಿಸಿ’ ಅನ್ನಿ. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಬಿಸಿ ಇರುವಾಗಲೇ ನಾದಿ, ಕಟ್ಟೆಯ ಮೇಲೆ ಪಟಪಟ ಬಡಿಯುವುದು, ಹೆಂಚಿಗೆ ಹಾಕಿ ಮೇಲೆ ನೀರು ಸವರುವುದು. ನಿಮ್ಮದು ಕರ್ನಾಟಕದ ಮ್ಯಾಪ್ ಆಗುತ್ತದೆ, ಆಗಲಿ. ಎಂಟು ದಿನ ಕೈ ಕಟ್ಟಿ ಸೋಫಾದ ಮೇಲೆ ಕೂರುವುದು ಆ ವಯಸ್ಸಿನ ಹೆಂಗಸರಿಗೆ ಎಂಥ ಶಿಕ್ಷೆ ಅಂತ ನಾವು ಯೋಚಿಸುವುದೇ ಇಲ್ಲ.

ರಾತ್ರಿ ಮೂರರ ಎಚ್ಚರಕ್ಕೆ ಬರುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಅವರ ಜೊತೆಯವರು 1983ರಲ್ಲಿ ಒಂದು ಉಪಾಯ ಪ್ರಯೋಗ ಮಾಡಿದ್ದರು. ಚಿಂತೆಗೆ ದಿನಾ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ಬೇರೆ ಹೊತ್ತಿನಲ್ಲಿ ಬಂದರೆ ‘ಆಮೇಲೆ ಬಾ’ ಅಂತ ಮುಂದಕ್ಕೆ ಹಾಕುವುದು. ಕೇಳಿದಾಗ ನನಗೂ ನಗು ಬಂದಿತ್ತು, ಚಿಂತೆ ಏನು ಬ್ಯಾಂಕಿಗೆ ಬರುವ ಗಿರಾಕಿಯಾ ಅಂತ. ಆದರೆ ಸಂಜೆ ಐದೂವರೆಗೆ ಬಾಲ್ಕನಿ ಕುರ್ಚಿಯಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದ ಮೇಲೆ ರಾತ್ರಿ ಸ್ವಲ್ಪ ಹಗುರಾಯಿತು. ಹಾಸಿಗೆಯಲ್ಲಿ ಮಾತ್ರ ಬೇಡ. ಏನಾಗಬಹುದು ಅಂತ ಬಿಡಿಸಿ ಬರೆಯಿರಿ: ‘ಬುಧವಾರ ನೀರು ನಿಲ್ಲುತ್ತದೆ’, ‘ನಾದಿನಿ ಮಗಳಿಗೆ ಮನೆ ಬೋರಾಗುತ್ತದೆ’. ಅವರು ಹೋದ ಮೇಲೆ ನಡೆದದ್ದಕ್ಕೆ ಮಾತ್ರ ಟಿಕ್ ಹಾಕಿ. ಚಿಂತೆಯ ಕಾಯಿಲೆ ಇರುವ 29 ಜನರ ಕೈಲಿ ಹೀಗೇ ಬರೆಸಿದ ಅಧ್ಯಯನವೊಂದು 2020ರಲ್ಲಿ ಬಂತು, ಬರೆದದ್ದರಲ್ಲಿ ನೂರಕ್ಕೆ 91 ನಡೆಯಲೇ ಇಲ್ಲವಂತೆ. ನನ್ನ ಪುಸ್ತಕದಲ್ಲೂ ಟಿಕ್ ಬಹಳ ಕಮ್ಮಿ, ಗೀಸರ್‌ಗಂತೂ ಇಲ್ಲವೇ ಇಲ್ಲ.

ಸ್ವಭಾವವೇ ಇಷ್ಟಾ ಅಂತ ಕೇಳಿದ್ದೀರಿ. ನೆಂಟರು ಬಂದಾಗ ಮಾತ್ರ ಆದರೆ ಹೌದು, ಸ್ವಭಾವ, ಅದರ ಜೊತೆ ಬಾಳಬಹುದು. ಆದರೆ ಯಾರೂ ಬರದಿದ್ದಾಗಲೂ, ಆರು ತಿಂಗಳಿಂದ ಹೆಚ್ಚುಕಮ್ಮಿ ದಿನಾ ಹೀಗೇ, ನಿದ್ದೆ ಇಲ್ಲ, ಕುತ್ತಿಗೆ ಭುಜ ಬಿಗಿ, ಕೈಗೆ ಕೆಲಸ ಹತ್ತಲ್ಲ ಅನ್ನುವಂತಿದ್ದರೆ ಡಾಕ್ಟರಿಗೆ ತೋರಿಸಿ, ಅದಕ್ಕೆ ಔಷಧಿ ಇದೆ, ಮಾತಿನ ಚಿಕಿತ್ಸೆಯೂ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಆ ಅಳು. ಎಂಟು ದಿನ ಪೂರ್ತಿ ಕೂತು ಮಾತಾಡಲು ನಿಮ್ಮಿಂದ ಆಗುವುದಿಲ್ಲ, ನನ್ನಿಂದಲೂ ಆಗಲ್ಲ. ಮಧ್ಯಾಹ್ನ ಊಟ ಆದ ಮೇಲೆ, ಪಾತ್ರೆ ಸಿಂಕಿನಲ್ಲಿ ಇದ್ದ ಹಾಗೇ ಬಿಟ್ಟು, ಅತ್ತೆಯ ಪಕ್ಕ ಅರ್ಧ ಗಂಟೆ ಕೂತುಕೊಳ್ಳಿ. ಮೊದಲ ದಿನ ಕಣ್ಣು ಸಿಂಕಿನ ಕಡೆಗೇ ಹೋಗುತ್ತದೆ. ಕೈಗೆ ಏನಾದರೂ ಬೇಕೇ ಬೇಕು ಅನಿಸಿದರೆ ಬೆಳ್ಳುಳ್ಳಿ ಬಿಡಿಸಿ. ಹಬ್ಬ ಮುಗಿದ ಮೇಲೆ ಮತ್ತೆ ಬರೆಯಿರಿ, ಎಷ್ಟು ಟಿಕ್ ಬಿತ್ತು ಅಂತ. ರೊಟ್ಟಿ ಎಷ್ಟು ಹರಿಯಿತು ಅಂತಾನೂ.