ಯಾವ ಕುಂಡವನ್ನು ತೊಳೆಯಬೇಕು, ಯಾವುದನ್ನು ಕೊಡವಿದರೆ ಸಾಕು

ಬಿತ್ತನೆಯ ಕಾಲ ಹತ್ತಿರವಾದಂತೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನ್ನ ಬಳಿ ಬರುತ್ತದೆ. ಹಿಂದೆ ಎರಡು ಮೂರು ಬಾರಿ ಚಿಕ್ಕದಾಗಿ ಉತ್ತರಿಸಿದ್ದೆ. ಆ ಉತ್ತರಗಳ ಒಂದು ತುಂಡನ್ನು ಹಿಡಿದು "ತೊಳೆಯಬೇಕಿಲ್ಲ" ಎಂದು ಕೆಲವರೂ, ಮತ್ತೊಂದು ತುಂಡನ್ನು ಹಿಡಿದು "ಬ್ಲೀಚ್ ಹಾಕದೆ ಕುಂಡವನ್ನು ಮುಟ್ಟಲೇಬಾರದು" ಎಂದು ಇನ್ನು ಕೆಲವರೂ ಹೇಳುತ್ತಿರುವುದು ನನ್ನ ಕಿವಿಗೆ ಬಿದ್ದಿದೆ. ಎರಡೂ ನನ್ನ ಮಾತಲ್ಲ. ಆದ್ದರಿಂದ ಈ ಸಲದ ಅಂಕಣದ ಹೆಚ್ಚಿನ ಜಾಗವನ್ನು ಇದೊಂದೇ ಪ್ರಶ್ನೆಗೆ ಕೊಡುತ್ತಿದ್ದೇನೆ.

ಪ್ರಶ್ನೆ: ಒಮ್ಮೆ ಬಳಸಿದ ಕುಂಡಗಳನ್ನೂ ಸಸಿ ಟ್ರೇಗಳನ್ನೂ ಮತ್ತೆ ಬಳಸುವ ಮೊದಲು ತೊಳೆಯಲೇಬೇಕೆ? ವರ್ಷಗಳಿಂದ ತೊಳೆಯದೆಯೇ ಚೆನ್ನಾಗಿ ಬೆಳೆಯುತ್ತಿರುವವರನ್ನು ನೋಡಿದ್ದೇನೆ.

ಉತ್ತರ: ಅದನ್ನು ಕುಂಡವೊಂದನ್ನೇ ನೋಡಿ ಹೇಳಲಾಗದು. ಅದರಲ್ಲಿ ಹಿಂದೆ ಏನಿತ್ತು, ಇನ್ನು ಮುಂದೆ ಏನನ್ನು ಇಡುತ್ತೀರಿ ಎಂಬ ಎರಡು ಸಂಗತಿಗಳು ತಿಳಿದಿರಬೇಕು. ಆರೋಗ್ಯವಾಗಿದ್ದ ಗಿಡವನ್ನು ತೆಗೆದ ಕುಂಡಕ್ಕೆ ಬೇರು ಬಲಿತ ಇನ್ನೊಂದು ಗಿಡವನ್ನು ಇಡುವುದಾದರೆ, ಒಣಗಿದ ಮಣ್ಣನ್ನು ಕೊಡವಿ, ಒಳಗೋಡೆಗೆ ಒಮ್ಮೆ ಗಡುಸಾದ ಬ್ರಷ್ ಆಡಿಸಿದರೆ ಸಾಕು. ನೀವು ನೋಡಿರುವ ತೊಳೆಯದ ತೋಟಗಾರರು ಸುಳ್ಳು ಹೇಳುತ್ತಿಲ್ಲ; ಅವರಲ್ಲಿ ಹೆಚ್ಚಿನವರು ಇಂಥ ಗಿಡಗಳನ್ನೇ ಬೆಳೆಸುವವರು, ನೀರನ್ನು ಹಿತಮಿತವಾಗಿ ಕೊಡುವವರು, ಚೆನ್ನಾಗಿ ಕಳಿತ ಗೊಬ್ಬರವನ್ನು ಬಳಸುವವರು. ಅಂಥ ಗೊಬ್ಬರದಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳು ರೋಗಕಾರಕಗಳನ್ನು ಒಂದು ಮಟ್ಟದವರೆಗೆ ಅದುಮಿ ಇಡುತ್ತವೆ. ಬಲಿತ ಗಿಡದ ಬೇರಿಗೂ ಅವುಗಳನ್ನು ತಡೆದುಕೊಳ್ಳುವ ಶಕ್ತಿ ಇರುತ್ತದೆ.

ಬೀಜ ಬಿತ್ತುವ ಟ್ರೇಗೆ ಈ ರಿಯಾಯಿತಿ ಇಲ್ಲ. ಅದನ್ನು ಪ್ರತಿ ಸಲವೂ ತೊಳೆಯಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಸಸಿ ಸಾಯುವ ರೋಗವನ್ನು ಕಣ್ಣಾರೆ ನೋಡಿದವರಿಗೆ ಕಾರಣವನ್ನು ವಿವರಿಸಬೇಕಾಗಿಲ್ಲ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆ ಅಡ್ಡ ಬಿದ್ದಿರುತ್ತದೆ. ಬೀಜದೆಲೆಗಳು ಇನ್ನೂ ಹಸಿರಾಗಿಯೇ ಇರುತ್ತವೆ, ಬಾಡಿರುವುದೂ ಇಲ್ಲ. ಆದರೆ ಮಣ್ಣಿಗೆ ತಾಗುವ ಕಡೆ ಕಾಂಡ ನೀರು ತುಂಬಿದಂತೆ ಕಂದಾಗಿ, ದಾರದಷ್ಟು ತೆಳ್ಳಗೆ ಚಿವುಟಿಕೊಂಡಿರುತ್ತದೆ. ಒಂದು ಸಸಿ ಬಿದ್ದ ಜಾಗದಿಂದ ಸುತ್ತಲಿನವು ವೃತ್ತಾಕಾರವಾಗಿ ಬೀಳುತ್ತಾ ಹೋಗುತ್ತವೆ, ಮತ್ತು ಬಿದ್ದ ಸಸಿಯನ್ನು ಉಳಿಸುವ ಔಷಧಿ ಯಾವುದೂ ಇಲ್ಲ.

ಇದಕ್ಕೆ ಕಾರಣವಾಗುವ ಪಿಥಿಯಂ, ರೈಜೋಕ್ಟೋನಿಯಾ, ಫ್ಯುಸೇರಿಯಂ ಮೊದಲಾದ ಮಣ್ಣಿನ ಸೂಕ್ಷ್ಮಜೀವಿಗಳು ಹಳೆಯ ಟ್ರೇಯಲ್ಲಿ ಸುಮ್ಮನೆ ಕಾದು ಕುಳಿತಿರಬಲ್ಲವು. ಪಿಥಿಯಂ ದಪ್ಪ ಗೋಡೆಯ ಬೀಜಕಣಗಳ ರೂಪದಲ್ಲಿ, ರೈಜೋಕ್ಟೋನಿಯಾ ಗಟ್ಟಿಯಾದ ಕಂದು ಗಂಟುಗಳ ರೂಪದಲ್ಲಿ, ಹಳೆಯ ಬೇರಿನ ಚೂರುಗಳೊಳಗೆ ಒಣಹವೆಯನ್ನೂ ತಡೆದುಕೊಂಡು ಉಳಿಯುತ್ತವೆ. ಹೊಸ ಮಿಶ್ರಣ ತುಂಬಿ ನೀರು ಹಾಕಿದೊಡನೆ ಅವು ಎಚ್ಚರಗೊಳ್ಳುತ್ತವೆ, ಪಿಥಿಯಂನ ಸಂತತಿಯಂತೂ ತೆಳುವಾದ ನೀರಿನ ಪದರದಲ್ಲಿಯೇ ಈಜಿಕೊಂಡು ಸಸಿಯಿಂದ ಸಸಿಗೆ ಹೋಗುತ್ತದೆ. ನಾನು ಸಸಿಮಡಿಯೊಂದರ ಹೊಣೆ ಹೊತ್ತಿದ್ದ ದಿನಗಳಲ್ಲಿ, ಹೊಸ ಟ್ರೇಗಳು ಸಾಲದೆ ಬಂದಾಗ, ಆತುರಕ್ಕೆ ಹಳೆಯವನ್ನು ಬರಿದೆ ಕೊಡವಿ ಟೊಮೆಟೊ ಬಿತ್ತಿದ್ದೆ. ಬೀಜ, ಮಿಶ್ರಣ, ನೀರು ಎಲ್ಲವೂ ಒಂದೇ ಆಗಿದ್ದವು. ಹೊಸ ಟ್ರೇಗಳ ಸಸಿಗಳು ನಿಂತವು, ಹಳೆಯವುಗಳಲ್ಲಿ ಗುಂಪು ಗುಂಪಾಗಿ ಬಿದ್ದವು. ಆ ಟ್ರೇಗಳನ್ನು ತಿರುಗಿಸಿ ನೋಡಿದಾಗ, ಗುಳಿಗಳ ತಳದ ತೂತುಗಳಲ್ಲಿ ಹಿಂದಿನ ಬೆಳೆಯ ಕೂದಲಿನಂಥ ಬೇರುಗಳು ಹೆಣೆದುಕೊಂಡು ಹಾಗೆಯೇ ಇದ್ದವು. ಅಂದಿನಿಂದ ಟ್ರೇಯನ್ನು ಕೈಗೆತ್ತಿಕೊಂಡರೆ ನಾನು ಮೊದಲು ನೋಡುವುದು ಅದರ ತಳವನ್ನೇ.

ತೊಳೆಯುವ ಕ್ರಮದಲ್ಲಿಯೂ ಜನರು ಎಡವುತ್ತಾರೆ. ಮೊದಲು ಒಣಗಿಸಿ ಕೊಡವಬೇಕು, ಬಳಿಕ ಸೋಪಿನ ನೀರಿನಲ್ಲಿ ನೆನೆಸಿ ಬ್ರಷ್‌ನಿಂದ ಉಜ್ಜಬೇಕು. ಕುಂಡದ ಅಂಚಿನ ಮಡಿಕೆಯ ಕೆಳಗೂ ನೀರು ಹೋಗುವ ತೂತುಗಳಲ್ಲೂ ಬ್ರಷ್ ಆಡಬೇಕು, ಏಕೆಂದರೆ ಕೊಳೆ ಅಡಗುವುದು ಅಲ್ಲಿಯೇ. ಶುದ್ಧ ನೀರಿನಲ್ಲಿ ಜಾಲಾಡಿಸಿ, ಪೂರ್ತಿ ಒಣಗಿದ ಮೇಲಷ್ಟೇ ಒಂದರೊಳಗೊಂದು ಜೋಡಿಸಿಡಬೇಕು. ಬಹುತೇಕ ಮನೆತೋಟಗಳಿಗೆ ಇಷ್ಟು ಸಾಕು. ಮಣ್ಣು ಮತ್ತು ಬೇರನ್ನು ತೆಗೆದುಹಾಕಿದರೆ ರೋಗದ ಬಹುಪಾಲು ಅದರೊಂದಿಗೇ ಹೋಗುತ್ತದೆ.

ಬ್ಲೀಚ್ ಬೇಕಾಗುವುದು ಹಿಂದಿನ ಬೆಳೆ ಕೊಳೆರೋಗದಿಂದ ಸತ್ತಿದ್ದಾಗ ಮಾತ್ರ. ಸುಮಾರು 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ಮನೆಬಳಕೆಯ ಬ್ಲೀಚ್ 1 ಪಾಲು, ನೀರು 9 ಪಾಲು ಬೆರೆಸಿ, ತೊಳೆದ ಕುಂಡವನ್ನು 10ರಿಂದ 30 ನಿಮಿಷ ಮುಳುಗಿಸಿಡಬೇಕು. "ತೊಳೆದ ಕುಂಡ" ಎಂಬ ಮಾತನ್ನು ದಯವಿಟ್ಟು ಗಮನಿಸಿ: ಮಣ್ಣು ಮೆತ್ತಿದ ಕುಂಡವನ್ನು ಅದ್ದಿದರೆ ಬ್ಲೀಚಿನ ಶಕ್ತಿಯೆಲ್ಲ ಆ ಮಣ್ಣಿನ ಜೈವಿಕ ಅಂಶದ ಮೇಲೆಯೇ ಖರ್ಚಾಗಿ, ರೋಗಾಣುವನ್ನು ತಲುಪುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಬೆರೆಸಿದ ದ್ರಾವಣವನ್ನು ನಾಳೆಗೆ ಎತ್ತಿಡಬೇಡಿ, ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ, ಕೊನೆಗೆ ಚೆನ್ನಾಗಿ ಜಾಲಾಡಿಸಿ. ಬ್ಲೀಚ್ ಬೇಡವೆನ್ನುವವರು, ಕುಂಡದ ಪ್ಲಾಸ್ಟಿಕ್ ತಾಳುವುದಾದರೆ, 60 ಡಿಗ್ರಿ ಸೆಲ್ಸಿಯಸ್ ಬಿಸಿ ಕಾಯ್ದುಕೊಂಡ ನೀರಿನಲ್ಲಿ 30 ನಿಮಿಷ ಇಟ್ಟರೆ ಹೆಚ್ಚಿನ ಶಿಲೀಂಧ್ರಗಳೂ ಬೇರುಗಂಟಿನ ಜಂತುಹುಳುಗಳೂ ಸಾಯುತ್ತವೆ. ತೆಳು ಟ್ರೇಗಳು ಈ ಬಿಸಿಗೆ ಸೊಟ್ಟಗಾಗಬಹುದು.

ಟೊಮೆಟೊ, ದಪ್ಪ ಮೆಣಸಿನಕಾಯಿಗಳಲ್ಲಿ ಎಲೆ ಮಚ್ಚೆ ಮಚ್ಚೆಯಾಗಿ ಸುಕ್ಕುಗಟ್ಟುವ ಮೊಸಾಯಿಕ್ ನಂಜುರೋಗ ಬಂದಿದ್ದರೆ ನನ್ನ ಸಲಹೆ ಬೇರೆ. ಈ ರೋಗ ಗಿಡದ ರಸದಿಂದ ಹರಡುತ್ತದೆಂದು ವಿಜ್ಞಾನಿ ಅಡಾಲ್ಫ್ ಮೇಯರ್ ಹೊಗೆಸೊಪ್ಪಿನಲ್ಲಿ ತೋರಿಸಿದ್ದು 1886ರಲ್ಲಿ. 1935ರಲ್ಲಿ ಇನ್ನೊಬ್ಬ ವಿಜ್ಞಾನಿ ವೆಂಡೆಲ್ ಸ್ಟ್ಯಾನ್ಲಿ ಅದಕ್ಕೆ ಕಾರಣವಾದ ವೈರಸ್ಸನ್ನು ಹರಳುಗಟ್ಟಿಸಿದರು. ಹರಳಾದ ಮೇಲೂ ಅದು ಗಿಡಕ್ಕೆ ರೋಗ ತಗುಲಿಸಿತು. ಒಣಗಿದ ಎಲೆ, ಬೇರುಗಳಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ, ರಸವನ್ನು 90 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಮಾತ್ರ ನಿಷ್ಕ್ರಿಯವಾಗುತ್ತದೆ. ಅಂಥ ಗಿಡವಿದ್ದ ಅಗ್ಗದ ಪ್ಲಾಸ್ಟಿಕ್ ಟ್ರೇಯನ್ನು ನಾನು ತೊಳೆಯುವ ಗೋಜಿಗೆ ಹೋಗದೆ ಎಸೆದುಬಿಡುತ್ತೇನೆ. ಇದು ಅತಿಯಾಯಿತೆಂದು ನನ್ನ ಸಹೋದ್ಯೋಗಿಗಳು ಹೇಳುವುದುಂಟು. ಒಂದು ಟ್ರೇ ಉಳಿಸಲು ಇಡೀ ಬೆಳೆಯನ್ನು ಪಣಕ್ಕಿಡಲು ನನಗಂತೂ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿದ ನೊರೆಯಿಂದ ಕುಂಡ ಶುದ್ಧವಾಗುತ್ತದೆಂದು ಹೇಳುತ್ತಾರೆ. ನಿಜವೆ?

ಉತ್ತರ: ಇಲ್ಲ. ಕ್ಷಾರವೂ ಆಮ್ಲವೂ ಸೇರಿ ಪರಸ್ಪರ ಶಕ್ತಿ ಕಳೆದುಕೊಳ್ಳುತ್ತವೆ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪಿನಂಶದ ನೀರು ಮಾತ್ರ. ಇಂಥ ಉಪಾಯಗಳನ್ನು ಒಂದು ಸಸಿಯನ್ನೂ ಬೆಳೆಸದವರು ಧೈರ್ಯವಾಗಿ ಹೇಳುತ್ತಾರೆ, ನಂಬಿದವರ ಸಸಿಗಳು ಸಾಯುತ್ತವೆ.

ಪ್ರಶ್ನೆ: ಕುಂಡಗಳನ್ನು ಬಿಸಿಲಿಗೆ ಬೋರಲು ಹಾಕಿದರೆ ತೊಳೆಯದೆ ನಡೆಯುವುದಿಲ್ಲವೆ?

ಉತ್ತರ: ಬೋರಲು ಹಾಕಿದ ಕುಂಡದ ಹೊರಮೈಗೆ ಬಿಸಿಲು ಬೀಳುತ್ತದೆ, ರೋಗವಿರುವುದು ಒಳಮೈಯಲ್ಲಿ. ತೊಳೆದ ಮೇಲೆ ಒಣಗಿಸಲು ಬಿಸಿಲು ಒಳ್ಳೆಯದು; ಅದಕ್ಕಷ್ಟೇ ಅದನ್ನು ಬಳಸಿ.

ಪ್ರಶ್ನೆ: ನೀರು ಚೆನ್ನಾಗಿ ಇಳಿಯಲು ಕುಂಡದ ತಳಕ್ಕೆ ಕಲ್ಲು ಹಾಕಬೇಕೆ?

ಉತ್ತರ: ಬೇಡ. ಕಲ್ಲಿನ ಪದರದ ಮೇಲೆಯೇ ನೀರು ನಿಂತು ಬೇರಿಗೆ ಇನ್ನೂ ಹತ್ತಿರವಾಗುತ್ತದೆ.

ಪ್ರಶ್ನೆ: ರೋಗದಿಂದ ಸತ್ತ ಗಿಡದ ಮಣ್ಣನ್ನು ಹೊಸ ಸಸಿಗಳಿಗೆ ಬಳಸಬಹುದೆ?

ಉತ್ತರ: ಬಳಸಬೇಡಿ.

ಪ್ರಶ್ನೆ: ಮಣ್ಣಿನ ಕುಂಡಗಳ ಮೇಲೆ ಬಿಳಿ ಪುಡಿ ಕಟ್ಟಿಕೊಂಡಿದೆ. ಇದು ಬೂಷ್ಟೆ?

ಉತ್ತರ: ಉಗುರಿನಿಂದ ಕೆರೆದು ನೋಡಿ. ಗಟ್ಟಿಯಾಗಿ, ಸುಣ್ಣದಂತೆ ಉದುರಿದರೆ ಅದು ಬೂಷ್ಟಲ್ಲ. ನೀರು ಮತ್ತು ಗೊಬ್ಬರದಲ್ಲಿದ್ದ ಲವಣಗಳು ಕುಂಡದ ಸೂಕ್ಷ್ಮರಂಧ್ರಗಳ ಮೂಲಕ ಹೊರಬಂದು ಒಣಗಿರುವುದು. ಹೊರಮೈಯ ಬಿಳುಪು ಗಿಡಕ್ಕೆ ಕೆಡುಕಲ್ಲ, ಆದರೆ ಒಳ ಅಂಚಿನಲ್ಲಿ ದಪ್ಪಗೆ ಕಟ್ಟಿದ್ದರೆ ಅಲ್ಲಿಗೆ ತಾಗುವ ಎಳೆಯ ಬೇರು ಮತ್ತು ಕಾಂಡ ಸುಟ್ಟಂತಾಗುತ್ತವೆ. ಒಣ ಬ್ರಷ್‌ನಿಂದ ಉಜ್ಜಿ, ನೀರು ಬೆರೆಸಿದ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ತೊಳೆದರೆ ಹೋಗುತ್ತದೆ. ಇದೇ ಕುಂಡಕ್ಕೆ ಬ್ಲೀಚನ್ನೂ ಬಳಸುವುದಿದ್ದರೆ ಎರಡನ್ನೂ ಎಂದಿಗೂ ಒಟ್ಟಿಗೆ ಬೆರೆಸಬೇಡಿ, ಒಂದೇ ಬಕೆಟ್ಟಿನಲ್ಲಿ ಒಂದರ ನಂತರ ಒಂದನ್ನು ಸುರಿಯಲೂ ಬೇಡಿ. ಅದರಿಂದ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಹಾಳುಮಾಡುವಂಥದ್ದು. ಮಣ್ಣಿನ ಕುಂಡ ದ್ರಾವಣವನ್ನು ಹೀರಿಕೊಳ್ಳುವುದರಿಂದ, ಒಂದನ್ನು ಬಳಸಿದ ಮೇಲೆ ಶುದ್ಧ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಒಣಗಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಗಿಡ ಇಡುವ ಮುಂಚೆಯೂ ಆ ಕುಂಡಕ್ಕೆ ನೀರು ಕುಡಿಸಿರಬೇಕು, ಇಲ್ಲದಿದ್ದರೆ ಒಣಗಿದ ಗೋಡೆಯೇ ಹೊಸ ಮಿಶ್ರಣದ ತೇವವನ್ನು ಹೀರಿಬಿಡುತ್ತದೆ.